ಸ್ಟೀಲ್ ಡಬ್ಬಿಯ ಮುಚ್ಚಳ

ಹಾನಗಲ್ಲಿನಲ್ಲಿ ನಮಗೆ ಎಲೆಕ್ಟ್ರಾನಿಕ್ಸ್ ಕಲಿಸಿದ ಮಾಸ್ತರರು ರೇಡಿಯೋ ತರಂಗಗಳ ಪಾಠವನ್ನು ತಮ್ಮ ಊಟದ ಡಬ್ಬಿಯಿಂದಲೇ ಶುರುಮಾಡುತ್ತಿದ್ದರು. ಹಾಡುತ್ತಿದ್ದ ಪುಟ್ಟ ರೇಡಿಯೋವನ್ನು ಅದರೊಳಗಿಟ್ಟು ಮುಚ್ಚಳ ಒತ್ತಿದರೆ ಹಾಡು ಹೋಗಿ ಬರೀ ಗೊರಗೊರ ಉಳಿಯುತ್ತಿತ್ತು.

“ಸ್ಟೇಶನ್ ಬಂದಾತು ಅನಬ್ಯಾಡ್ರಿ. ತರಂಗ ಒಳಗ ಮುಟ್ಟವಲ್ದು ಅನ್ರಿ,” ಎನ್ನುತ್ತ ಡಬ್ಬಿಯನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

ನನ್ನ ಜೊತೆ ಕಲಿತ ಗೆಳೆಯ ಅಕ್ಕಿಆಲೂರಿನ ಗಿರಣಿಯೊಂದರಲ್ಲಿ ಭತ್ತದ ತೇವ ಅಳೆಯುವ ಸೆನ್ಸರುಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ದಿನ ಮನೆಗೆ ಬರಲಿಲ್ಲ. ಫೋನ್ ಮಾಡಿದರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಎಲ್ಲೋ ಓಡಿಹೋಗಿರಬೇಕೆಂದರು ಗಿರಣಿಯವರು. ಮರುದಿನ ಬೆಳಿಗ್ಗೆ ನಾನು ಮಾಸ್ತರರನ್ನು ಗಿರಣಿಗೆ ಕರೆತಂದೆ.

“ಕಡೀಕ ಯಾವ ಸೆನ್ಸರ್ ನೋಡಾಕ ಹೋಗಿದ್ದ?” ಎಂದು ಕೇಳಿದರು. ಗಿರಣಿಯವರು ಭತ್ತ ತುಂಬಿದ ಉಕ್ಕಿನ ಕಣಜ ತೋರಿಸಿದರು. ಮಾಸ್ತರರು ಅದರ ಮೇಲೆ ಅಂಗೈ ಇಟ್ಟರು.

“ಓಡಿಹೋದಾ ಅನಬ್ಯಾಡ್ರಿ. ಇದನ್ನ ಖಾಲಿ ಮಾಡಸ್ರಿ.”

ಹೆಣ ಭತ್ತದಡಿಯಲ್ಲಿತ್ತು. ಹೊರಗೆ ತಂದು ಮಲಗಿಸಿದ್ದೇ ತಡ, ಜೇಬಿನಲ್ಲಿದ್ದ ಫೋನಿಗೆ ಸಿಗ್ನಲ್ ಸಿಕ್ಕಿ, ಅವನ ಅವ್ವ ಮಾಡಿದ್ದ ಕರೆಗಳ ಮೆಸೇಜುಗಳು ಒಂದರ ಹಿಂದೊಂದು ಟಣ್ ಎನ್ನತೊಡಗಿದವು.

ಮುಂದೆ ನಾನು ಮಾಸ್ತರರ ಲ್ಯಾಬಿನಲ್ಲೇ ಕೆಲಸಕ್ಕೆ ಸೇರಿದೆ. ಅವರು ಆಗಲೂ ಆ ಪಾಠ ಬಿಟ್ಟಿರಲಿಲ್ಲ. ಹಾಡುವ ರೇಡಿಯೋವನ್ನು ಡಬ್ಬಿಯೊಳಗಿಟ್ಟು ನನ್ನ ಕಡೆ ಸರಿಸುತ್ತಿದ್ದರು.

“ಮುಚ್ಚಳ ನೀ ಹಾಕಪಾ,” ಎಂದು ಹೊರಗೆ ಹೋಗಿ ನಿಲ್ಲುತ್ತಿದ್ದರು.