ಯಾರೂ ಮುಟ್ಟದ ರವೆ

ಬಾವಿ ತೋಡಿಸುವ ಅರ್ಜಿಗೆ ಸಹಿ ಕೇಳಲು ಕೌಲ್ ಬಜಾರಿನ ಗುಮಾಸ್ತ ರಾಯರ ಮನೆಗೆ ಹೋಗಿದ್ದೆ. ರಾಯರು ಹಡಗಿನಲ್ಲಿ ಬಂದ ಡಬ್ಬಿಯ ಗೋಧಿ ತರಿಯನ್ನು ಹಾಲಲ್ಲಿ ಬೇಯಿಸಿಕೊಂಡು, ಬಿಳಿಯರ ಹೊಸ ಶೋಧವೆಂದು ಹೊಗಳುತ್ತಾ ಬಿಸಿಬಿಸಿಯಾಗಿ ತಿನ್ನುತ್ತಿದ್ದರು. ಅವರ ಮನೆಗೆ ಗೋಧಿ ಬೀಸಿಕೊಡುವ ಹನುಮವ್ವ ಬಾಗಿಲಲ್ಲಿ ನಿಂತಿದ್ದಳು.

“ನಾಳಿಯಿಂದ ಬರಬ್ಯಾಡ. ಇದು ಯಂತ್ರದ್ದು, ಯಾರೂ ಮುಟ್ಟಿಲ್ಲ. ಪೂರಾ ಮಡಿ,” ಎಂದರು ರಾಯರು.

ಆಕೆ ಡಬ್ಬಿಯೊಳಗೆ ಇಣುಕಿದಳು. “ರಾಯರ, ಇದೂ ನಾ ಬೀಸೋ ರವಾ ಇದ್ದಂಗ ಐತ್ರಿ. ಯಂತ್ರ ಒರಸಿದವ್ರ ಕುಲ ಕೇಳೀರೇನ್ರಿ? ನಾನಿನ್ನ ಹೊಟ್ಟಿಗೇನ್ ತಿನ್ನಲಿ?”

“ಉತ್ತರ ಕೊಡ್ರಿ,” ಎಂದೆ ನಾನು. ರಾಯರು ಸಹಿ ಹಾಕದೆಯೇ ಅರ್ಜಿಯನ್ನು ನನ್ನತ್ತ ತಳ್ಳಿದರು.

ತಿಂಗಳೊಳಗೆ ಡಬ್ಬಿ ಬರಿದಾಯಿತು. ಹನುಮವ್ವನಿಗೆ ಮತ್ತೆ ಕರೆ ಬಂತು. ಅವಳು ಬೀಸಿದ ರವೆ ಈಗ ಅದೇ ಡಬ್ಬಿಯಲ್ಲಿದೆ. ರಾಯರು ಬಂದವರಿಗೆಲ್ಲ ಅದನ್ನೇ ಬಡಿಸುತ್ತಾರೆ. ಯಾರೂ ಮುಟ್ಟಿಲ್ಲವಂತೆ.