ಆಯ್ತು, ನಿಂದು?

ವಯಸ್ಸಾದವರಿಗೆ ಫೋನ್ ಮಾಡಿ, ಮಾತ್ರೆ ತಗೊಳ್ಳಿ ಅಂತ ಹುಡುಗಿ ದನಿಯಲ್ಲಿ ನೆನಪಿಸುವ ಯಂತ್ರಕ್ಕೆ ಕನ್ನಡದ ಮಾತು ಬರೆದುಕೊಡೋದು ಶೋಳಿಂಗನಲ್ಲೂರಿನ ಒಂದು ಆಫೀಸಿನಲ್ಲಿ ನನ್ನ ಕೆಲಸ. "ಪುಸ್ತಕದ ಹಾಗೆ ಬೇಡ, ಮನೇಲಿ ಮಾತಾಡಿದ ಹಾಗಿರಲಿ" ಅಂದ್ರು ಮ್ಯಾನೇಜರ್. ಸರಿ, "ಊಟ ಆಯ್ತಾ?" ಅಂತ ಶುರುಮಾಡಿದೆ.

ನಮ್ಮವರು ಹಾಗೆ ಕೇಳಿದ್ರೆ ಸುಮ್ಮನಿರ್ತಾರಾ? ಆ ಫೋನ್ ಕರೆಗಳ ರೆಕಾರ್ಡಿಂಗ್‌ನಲ್ಲಿ ಎಲ್ಲರೂ "ಆಯ್ತು, ನಿಂದು?" ಅಂತ ತಿರುಗಿ ಕೇಳಿದ್ದಾರೆ. ಅದಕ್ಕೆ ಉತ್ತರ ಬರೆಯೋದನ್ನೇ ಮರೆತಿದ್ದೆ. ಯಂತ್ರ ಸೀದಾ ಮಾತ್ರೆಗೆ ಹಾರಿಬಿಡ್ತಿತ್ತು. ನುಂಗಂಬಾಕ್ಕಂನ ಒಬ್ಬ ಅಜ್ಜಿ ಮಾತ್ರ ಬಿಡಲಿಲ್ಲ. "ಆಗಿಲ್ಲ ಅನ್ನಕ್ಕೆ ಸಂಕೋಚನಾ? ಬಾಮ್ಮ, ತಟ್ಟೆ ಹಾಕ್ತೀನಿ" ಅಂದ್ರು.

ಮಾರನೇ ದಿನದ ರೆಕಾರ್ಡಿಂಗ್‌ನಲ್ಲಿ ತಟ್ಟೆ ಇಟ್ಟ ಸದ್ದು, ಸೌಟಿನ ಸದ್ದು. "ಹೇಗಿದೆ?" ಅಂದ್ರು ಅಜ್ಜಿ. ಆಮೇಲೆ ನಮ್ಮ ಯಂತ್ರದ್ದೇ ದನಿ: "ಚೆನ್ನಾಗಿದೆ ಅಜ್ಜಿ. ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ."

ನಾನು ಬರೆದಿದ್ದನ್ನ ಬಿಟ್ಟು ಆ ಯಂತ್ರಕ್ಕೆ ಬೇರೆ ಮಾತು ಬರಲ್ಲ. ಇದನ್ನ ನಾನು ಬರೆದಿರಲಿಲ್ಲ.

ತಕ್ಷಣ ಹೆಡ್‌ಫೋನ್ ಮ್ಯಾನೇಜರ್‌ಗೆ ಕೊಟ್ಟೆ. ಅವರು ಕೇಳಿ, ಬೆನ್ನು ತಟ್ಟಿದರು. "ಆ ಉಪ್ಪಿನ ಮಾತು ಎಷ್ಟು ಸಹಜವಾಗಿದೆ! ಇನ್ನು ಮೇಲೆ ಹೀಗೇ ಬರೀರಿ."

ಆ ಆಫೀಸಿನಲ್ಲಿ ನನ್ನ ಬರವಣಿಗೆಗೆ ಸಿಕ್ಕ ಮೊದಲನೇ ಹೊಗಳಿಕೆ ಅದು.