ಕೈಗೆ ತಾಗಿ ಬಿದ್ದ ಚೆಂಡು

ನನ್ನ ಪೆನ್ಸಿಲಿಗೆ ಎರಡು ತುದಿಯಲ್ಲೂ ಮೊನೆ ಇರುತ್ತದೆ. ಒಂದು ಮೊನೆ ಮುರಿದರೆ ಆಟ ನನಗಾಗಿ ಕಾಯುತ್ತ ನಿಲ್ಲಬಾರದು ಎಂಬ ಮುನ್ನೆಚ್ಚರಿಕೆಯಿಂದ ಹುಟ್ಟಿದ ಅಭ್ಯಾಸವಿದು. ಆದರೆ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಮಲಗಿ ದಿಂಬಿಗೆ ತೂತು ಮಾಡಿದ ದಿನದಿಂದ ನನ್ನ ಹೆಂಡತಿ ಸುಭದ್ರೆ ಅದನ್ನು ಆಯುಧವೆಂದೇ ಕರೆಯುತ್ತಾಳೆ. ಅವಳ ದೂರು ಪೆನ್ಸಿಲಿನ ಮೇಲಲ್ಲ, ನನ್ನ ಮೇಲೆ. ಹಂಚಿನ ಮೇಲಿನ ರೊಟ್ಟಿಯ ಹಾಗೆ ನಾನು ಒಂದು ಮಗ್ಗುಲಲ್ಲಿ ಹೆಚ್ಚು ಹೊತ್ತು ಇರಲಾರೆ. ಊಟಕ್ಕೆ ಕೂತವನು ನಡುವೆ ಎದ್ದು ಕಿಟಕಿಯ ಅಗಳಿ ಹಾಕಿದೆಯೋ ಎಂದು ನೋಡಿ ಬರುತ್ತೇನೆ. ಬಂದು ಕೂತು ಒಂದು ತುತ್ತು ಬಾಯಿಗಿಟ್ಟ ಮೇಲೆ ಅಗಳಿ ಹಾಕಬೇಕಿತ್ತೋ ತೆಗೆಯಬೇಕಿತ್ತೋ ಎಂಬ ಅನುಮಾನ ಹತ್ತುತ್ತದೆ. ಈ ಬರಹವನ್ನಾದರೂ ಒಂದೇ ಪಟ್ಟಿಗೆ ಕೂತು ಮುಗಿಸುತ್ತೇನೆಂದು ನಿಮಗೆ ಮಾತು ಕೊಡಲಾರೆ, ಮಿತ್ರರೇ.

ಇಂಥವನು ಅಲುಗಾಡದೆ ಕೂರುವ ಸ್ಥಳ ಒಂದೇ ಒಂದು, ಆಟದ ಬಯಲಿನ ಅಂಚಿನಲ್ಲಿರುವ ಲೆಕ್ಕದ ಮೇಜು. ಪುಣೆಯ ಲಷ್ಕರದ ಉಗ್ರಾಣ ಕಚೇರಿಯಲ್ಲಿ ನಾನು ಗುಮಾಸ್ತ. ಬಾಗಲಕೋಟೆ, ವಿಜಾಪುರ, ಧಾರವಾಡಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮಂಥ ಗುಮಾಸ್ತರು ರವಿವಾರ ಬಯಲಿಗಿಳಿದು ಕ್ರಿಕೆಟ್ಟಾಡುತ್ತಿದ್ದೆವು. ಆಡಲು ಬಾರದ ನನಗೆ ಲೆಕ್ಕದ ಪುಸ್ತಕ ದಕ್ಕಿತು. ಕ್ರಿಕೆಟ್ಟಿನ ಪುಸ್ತಕ ಬಹಳ ದಯಾಳು, ಗಮನಿಸಿದ್ದೀರಾ? ದಾಂಡಿಗನ ಓಟ, ಬೌಲರನ ಎಸೆತ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಕ್ಯಾಚು ಹಿಡಿದವನ ಹೆಸರಿಗೂ ಒಂದು ಮೂಲೆ ಇದೆ. ಆದರೆ ಕೈಗೆ ಬಂದ ಕ್ಯಾಚನ್ನು ನೆಲಕ್ಕೆ ಹಾಕಿದವನ ಹೆಸರು ಎಲ್ಲೂ ಬರುವುದಿಲ್ಲ. ಅವನನ್ನು ಸಂಜೆಯ ಚಹಾದ ಜತೆ ಮನಸಾರೆ ಬೈದು, ಮುಂದಿನ ರವಿವಾರದ ಹೊತ್ತಿಗೆ ಮರೆತುಬಿಡುವುದೇ ನಮ್ಮಲ್ಲಿಯ ರೂಢಿ.

ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಒಂದು ವರ್ಷ ಮೊದಲು ಊರಾಚೆಯ ಬಿಡಾರಕ್ಕೆ ಅಮೆರಿಕದ ಸಿಪಾಯಿಗಳ ಒಂದು ಸಣ್ಣ ತುಕಡಿ ಬಂದಿಳಿಯಿತು. ಕಂಬಳಿ, ಬೂಟುಗಳ ಪಟ್ಟಿ ಹಿಡಿದು ನಮ್ಮ ಕಚೇರಿಗೆ ಬರುತ್ತಿದ್ದ ಅವರ ಸಾರ್ಜೆಂಟ್ ಹಾಲ್ಡೆನ್ ನನ್ನ ಅಂಕಿಗಳನ್ನು ನೋಡಿ ಮರುಳಾದ. ಅವನಿಗೆ ಬೇಕಾಗಿದ್ದದ್ದು ಬೂಟಿನ ಲೆಕ್ಕವಷ್ಟೇ ಅಲ್ಲ. ತಮ್ಮ ಬೇಸ್‌ಬಾಲ್ ಆಟಗಳ ಪುಸ್ತಕ ಬರೆಯಲು ಎರಡೂ ಪಕ್ಷಕ್ಕೆ ಸೇರದ ಒಬ್ಬ ಮನುಷ್ಯ ಬೇಕೆಂದ. ಯುದ್ಧಕ್ಕೆ ಬರುವ ಮೊದಲು ಅವನು ತನ್ನ ಊರಿನ ತಂಡದಲ್ಲಿ ಸಂಬಳ ಪಡೆದು ಆಡುತ್ತಿದ್ದವನು, ಸೆಕೆಂಡ್ ಬೇಸ್‌ಮನ್. ಆ ಆಟದಲ್ಲಿ ನಾಲ್ಕು ಮೂಲೆಗಳಿಗೆ ನಾಲ್ಕು ನೆಲೆಗಳಿರುತ್ತವೆ. ಎರಡನೆಯ ನೆಲೆಯ ಪಕ್ಕದಲ್ಲಿ ಬಾಗಿ ನಿಂತು, ನೆಲಕ್ಕಂಟಿ ಬರುವ ಚೆಂಡನ್ನು ಬಾಚಿ, ಮೈಮೇಲೆಯೇ ಓಡಿಬರುವ ಎದುರಾಳಿಯನ್ನು ಲೆಕ್ಕಿಸದೆ ಇನ್ನೊಂದು ನೆಲೆಗೆ ಎಸೆಯುವುದೇ ಅವನ ಕಸುಬು. ವಯಸ್ಸು ಮೂವತ್ತೈದರ ಹತ್ತಿರ, ಒಂದು ಮೊಣಕಾಲು ಆಗಲೇ ತಕರಾರು ತೆಗೆದಿತ್ತು.

ಆ ಆಟದ ಪುಸ್ತಕ ಕಂಡು ನಾನು ದಂಗಾದೆ. ಪ್ರತಿಯೊಬ್ಬ ಕ್ಷೇತ್ರರಕ್ಷಕನ ಹೆಸರಿನ ಮುಂದೆ ಮೂರು ಅಂಕಣಗಳು: ತಾನೇ ಹಿಡಿದು ಔಟು ಮಾಡಿದ್ದು, ಎಸೆದುಕೊಟ್ಟು ಔಟು ಮಾಡಿಸಿದ್ದು, ತಪ್ಪು ಮಾಡಿದ್ದು. ಹೌದು, ತಪ್ಪಿಗೆ ಒಂದು ಪ್ರತ್ಯೇಕ ಅಂಕಣ! ಅದನ್ನು ಆ ದಿನಕ್ಕೆ ಬೈದು ಮರೆಯುವುದಿಲ್ಲ. ವರ್ಷದ ಕೊನೆಗೆ ಕೂಡಿಸಿ, ಆಟಗಾರ ನಿವೃತ್ತನಾಗುವ ದಿನ ಇಡೀ ಜೀವಮಾನದ ಮೊತ್ತವನ್ನು ಅಚ್ಚು ಹಾಕಿಸುತ್ತಾರೆ. ಹಾಲ್ಡೆನ್ನನ ಕಿಸೆಯಲ್ಲಿ ಮಡಿಕೆ ಬಿದ್ದು ಹರಿಯುತ್ತಿದ್ದ ಒಂದು ಪತ್ರಿಕೆಯ ಹಾಳೆ ಇತ್ತು: ಅವರ ದೇಶದಲ್ಲಿ ಆ ಸ್ಥಾನದಲ್ಲಿ ಆಡಿದ ಘಟಾನುಘಟಿಗಳ ಪಟ್ಟಿ, ಹೆಸರಿನ ಮುಂದೆ ಜೀವಮಾನದ ಮೂರು ಮೊತ್ತಗಳು. ನಮ್ಮಲ್ಲಿ ಮುದುಕರು ಸಹಸ್ರನಾಮ ಹೇಳುವ ತನ್ಮಯತೆಯಿಂದ ಅವನು ಅದನ್ನು ಓದಿ ಹೇಳುತ್ತಿದ್ದ.

ಆ ಹಾಳೆ ನನ್ನ ನೆಮ್ಮದಿ ಕೆಡಿಸಿತು. ಒಂದೆರಡು ಸಲ ನೋಡಿದ ಮೇಲೆ ನನಗೊಂದು ವಿಚಿತ್ರ ಕಾಣಿಸಿತು: ಅತಿ ಹೆಚ್ಚು ತಪ್ಪು ಮಾಡಿದವರ ಸಾಲಿನಲ್ಲಿದ್ದ ಹೆಸರುಗಳೇ ಅತಿ ಹೆಚ್ಚು ಹಿಡಿದವರ ಸಾಲಿನಲ್ಲೂ ಇದ್ದವು. ಹಳೆಯ ಕಾಲದವರಿಗೆ ಸರಿಯಾದ ಕೈಗವಸು ಇರಲಿಲ್ಲ, ಅದು ಒಂದು ಕಾರಣವೆಂದ ಹಾಲ್ಡೆನ್. ಇನ್ನೊಂದು ಕಾರಣವನ್ನು ಅವನು ಸಹಜವಾಗಿ, ಬೂಟಿನ ದಾರ ಕಟ್ಟಿಕೊಳ್ಳುತ್ತ ಹೇಳಿದ. ತಪ್ಪು ಮಾಡಬೇಕಾದರೆ ಮೊದಲು ಚೆಂಡಿನವರೆಗೆ ಓಡಿಹೋಗಬೇಕಲ್ಲ. ನಿಂತಲ್ಲೇ ನಿಂತವನ ಹೆಸರಿನ ಮುಂದೆ ಯಾವ ತಪ್ಪೂ ಬೀಳುವುದಿಲ್ಲ. ನಾನು ನಕ್ಕು ತಲೆಯಾಡಿಸಿದೆ, ಆದರೆ ಮನೆಗೆ ಬರುವಾಗ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚತೊಡಗಿತು. ಇಪ್ಪತ್ತೊಂದು ವರ್ಷದ ನನ್ನ ನೌಕರಿಯ ಪುಸ್ತಕದಲ್ಲಿ ತಪ್ಪು ದಾಖಲಿಸುವ ಕೆಂಪು ಶಾಯಿಯ ಒಂದು ಗೆರೆಯೂ ಇರಲಿಲ್ಲ. ಅದನ್ನು ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವನು. ಯಾವ ಚೆಂಡಿನ ಹಿಂದೆ ಓಡಿದ್ದೆ ನಾನು? ಬೇರೆ ಊರಿಗೆ ಹೋಗುತ್ತೀಯಾ ಎಂದರೆ ಇಲ್ಲವೆಂದೆ, ಹೊಸ ವಿಭಾಗ ನೋಡಿಕೊಳ್ಳುತ್ತೀಯಾ ಎಂದರೆ ಯೋಚಿಸಿ ಹೇಳುತ್ತೇನೆಂದೆ, ಯೋಚಿಸುತ್ತಲೇ ಉಳಿದೆ. ಕೈಕಾಲು ಸುಮ್ಮನಿರದ ನಾನು ಬದುಕಿನಲ್ಲಿ ಮಾತ್ರ ಗೂಟ ಹೊಡೆದು ನಿಂತುಬಿಟ್ಟಿದ್ದೆ.

ಹಾಲ್ಡೆನ್ ಯಾಕೆ ಅಷ್ಟು ಕಾಳಜಿಯಿಂದ ಲೆಕ್ಕ ಇಡಿಸುತ್ತಾನೆಂಬುದು ಆಮೇಲೆ ತಿಳಿಯಿತು. ಯುದ್ಧದ ನಂತರ ಹಳೆಯ ತಂಡ ತನ್ನನ್ನು ತೆಗೆದುಕೊಳ್ಳುವುದೋ ಇಲ್ಲವೋ ಎಂಬ ಭಯ ಅವನಿಗಿತ್ತು. ಆಟ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಪುಣೆಯಲ್ಲಿ ಆಡಿದ ಆಟಗಳ ಹಾಳೆಗಳನ್ನು ನನ್ನ ಸಹಿಯೊಂದಿಗೆ ಆ ತಂಡದ ಮ್ಯಾನೇಜರನಿಗೆ ಕಳಿಸಿ, ನೋಡಿ, ಈ ವಯಸ್ಸಿನಲ್ಲೂ ಒಂದೂ ತಪ್ಪಿಲ್ಲ ಎಂದು ತೋರಿಸಬೇಕೆಂಬುದು ಅವನ ಆಸೆ. ನಿಜಕ್ಕೂ ಆ ಅಂಕಣ ಖಾಲಿಯೇ ಇತ್ತು. ಕೊನೆಯ ಆಟವೊಂದು ಉಳಿದಿತ್ತು. ತುಕಡಿಗೆ ಪೂರ್ವದ ಕಡೆ ಹೊರಡುವ ಹುಕುಂ ಬಂದದ್ದರಿಂದ ಅದನ್ನು ರವಿವಾರಕ್ಕೆ ಕಾಯದೆ ಬುಧವಾರವೇ ಆಡುವುದೆಂದಾಯಿತು.

ಬುಧವಾರ ಕಚೇರಿ ಇತ್ತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ನಾನು ಸುಳ್ಳು ಹೇಳಿದೆ. ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ನಮ್ಮವರು ಜೇಜುರಿಯ ಖಂಡೋಬನನ್ನೇ ಮೈಲಾರನೆಂದು ತಿಳಿದು ಅಲ್ಲಿಗೇ ಹರಕೆ ಒಪ್ಪಿಸುತ್ತಾರೆ. ಹಳೆಯ ಹರಕೆಯೊಂದು ಉಳಿದಿದೆ, ಜೇಜುರಿಗೆ ಹೋಗಬೇಕು ಎಂದು ಹಿರಿಯ ಗುಮಾಸ್ತ ಸಂಗಪ್ಪನವರ ಮುಂದೆ ರಜೆಯ ಅರ್ಜಿ ಇಟ್ಟೆ. ಬಾಗಲಕೋಟೆಯ ದೈವಭಕ್ತರು, ಅರ್ಜಿಯನ್ನು ಓದದೆಯೇ ಸಹಿ ಹಾಕಿ, ಬರುವಾಗ ಒಂದು ಚಿಟಿಕೆ ಭಂಡಾರ ತಾ ಎಂದರು. ಭಂಡಾರವೆಂದರೆ ಆ ದೇವರ ಅರಿಶಿನದ ಪ್ರಸಾದ. ಆಟದ ಮರುದಿನ ನಾನು ಮನೆಯ ಸಾಂಬಾರ ಬಟ್ಟಲಿನಿಂದ ಅರಿಶಿನ ತೆಗೆದು, ಕಾಗದದಲ್ಲಿ ಕಟ್ಟಿ, ಅವರ ಕೈಗಿಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡಾಗ ನಾನು ಗೋಡೆಯ ಮೇಲಿನ ಪಂಚಾಂಗ ನೋಡುತ್ತಿದ್ದೆ.

ಇನ್ನು ಆ ಬುಧವಾರದ ಆಟ. ಕೊನೆಯ ಸುತ್ತು. ದಾಂಡಿಗ ಹೊಡೆದ ಚೆಂಡು ಹಾಲ್ಡೆನ್ನನ ಬಲಕ್ಕೆ ಬಹುದೂರದಲ್ಲಿ ನೆಲಕ್ಕಂಟಿ ಓಡಿತು. ಅದು ಬಯಲು ದಾಟಿತೆಂದು ನಾನು ಪೆನ್ಸಿಲು ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಆ ಮನುಷ್ಯ ಕೆಟ್ಟ ಮೊಣಕಾಲನ್ನು ಮರೆತು ಓಡಿ, ಮೈ ಚಾಚಿ ನೆಲಕ್ಕೆ ಹಾರಿ ಚೆಂಡನ್ನು ಮುಟ್ಟಿಯೇಬಿಟ್ಟ. ಅದು ಕೈಗವಸಿಗೆ ತಾಗಿ, ಹೊರಳಿ, ಧೂಳಿಗೆ ಬಿತ್ತು. ನನ್ನದು ಕ್ರಿಕೆಟ್ಟಿನ ಕಣ್ಣು. ಕೈಗೆ ತಾಗಿತು, ಬಿತ್ತು, ಬಿಟ್ಟ. ತಪ್ಪಿನ ಅಂಕಣದಲ್ಲಿ ಒಂದು ಎಂದು ಬರೆದೆ. ಆಟ ಮುಗಿದ ಮೇಲೆ ಅವನು ಮೊಣಕೈಯ ರಕ್ತ ಒರೆಸುತ್ತ ಬಂದು ಹಾಳೆ ನೋಡಿದ. ಆ ಒಂದರ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ಕಂಡೆ. ಆದರೆ ಅವರಲ್ಲಿ ಬರೆಯುವವನ ತೀರ್ಪನ್ನು ಆಟಗಾರ ಪ್ರಶ್ನಿಸುವುದಿಲ್ಲವಂತೆ. ಹಾಳೆಗೆ ನನ್ನ ಸಹಿ ಮಾಡಿಸಿಕೊಂಡ. ತಂಡದ ವಿಳಾಸವನ್ನು ಲಕೋಟೆಯ ಮೇಲೆ ನನ್ನಿಂದಲೇ ದುಂಡಗೆ ಬರೆಯಿಸಿ, ನೆನಪಿಗೆಂದು ತನ್ನ ನಿಯಮಗಳ ಕಿರುಪುಸ್ತಕವನ್ನು ನನಗೆ ಕೊಟ್ಟು ಹೊರಟುಹೋದ.

ಆ ಪುಸ್ತಕವನ್ನು ನಾನು ಮೊದಲೇ ಓದಬಾರದಿತ್ತೇ! ವಾರದ ಮೇಲೆ ಚಹಾ ಕುಡಿಯುತ್ತ ಹಾಳೆ ತಿರುವಿದರೆ, ಸ್ಪಷ್ಟವಾಗಿ ಅಚ್ಚಾಗಿತ್ತು: ಸಾಧಾರಣ ಪ್ರಯತ್ನದಿಂದ ಹಿಡಿಯಬಹುದಾದ ಚೆಂಡನ್ನು ಬಿಟ್ಟರೆ ಮಾತ್ರ ತಪ್ಪು, ಅಸಾಧಾರಣವಾಗಿ ಓಡಿ ಮುಟ್ಟಿದ ಚೆಂಡು ಕೈಯಿಂದ ಜಾರಿದರೆ ಅದು ದಾಂಡಿಗನ ಗಳಿಕೆ, ಕ್ಷೇತ್ರರಕ್ಷಕನ ತಪ್ಪಲ್ಲ. ಅವನು ನಿಂತಲ್ಲೇ ನಿಂತು ಆ ಚೆಂಡನ್ನು ಬಿಟ್ಟುಕೊಟ್ಟಿದ್ದರೆ ಅಂಕಣ ಖಾಲಿ ಉಳಿಯುತ್ತಿತ್ತು. ಓಡಿದ್ದಕ್ಕೆ ನಾನು ಶಿಕ್ಷೆ ಬರೆದಿದ್ದೆ. ಓಡದವನು ಕೂತು, ಓಡಿದವನ ಹೆಸರಿನ ಮುಂದೆ ತಪ್ಪು ಬರೆದಿದ್ದೆ.

ಆ ಮ್ಯಾನೇಜರನಿಗೆ ತಿದ್ದಿ ಪತ್ರ ಬರೆದರಾಯಿತಲ್ಲ ಎನ್ನುತ್ತೀರಿ. ಕೇಳಿ. ಯುದ್ಧಕಾಲದಲ್ಲಿ ಲಷ್ಕರದ ಕಚೇರಿಯವರು ಹೊರದೇಶಕ್ಕೆ ಬರೆದ ಪತ್ರ ತೆರೆದ ಲಕೋಟೆಯಲ್ಲಿ ಹಿರಿಯ ಗುಮಾಸ್ತರ ಕೈಗೆ ಹೋಗಬೇಕು, ಅವರು ಓದಿ ಸಹಿ ಹಾಕಬೇಕು. ಯಾವ ಆಟವೆಂದು ತಿಳಿಯಲು ಪತ್ರದಲ್ಲಿ ತಾರೀಖು ಬರೆಯಲೇಬೇಕು; ಆ ತಾರೀಖಿನಂದು ನಾನು ಜೇಜುರಿಯಲ್ಲಿ ಇದ್ದೆನೆಂದು ಕಚೇರಿಯ ದಾಖಲೆ ಹೇಳುತ್ತದೆ. ಸಂಗಪ್ಪನವರು ಆ ವರ್ಷ ನಿವೃತ್ತರಾಗುವವರಿದ್ದರು, ಅವರ ಕುರ್ಚಿಗೆ ಕಳಂಕವಿಲ್ಲದ ನನ್ನ ಹೆಸರೇ ಓಡಾಡುತ್ತಿತ್ತು. ಬರೆದೆ, ಹರಿದೆ. ಮತ್ತೆ ಬರೆದೆ, ಟ್ರಂಕಿನಲ್ಲಿ ಬಚ್ಚಿಟ್ಟೆ. ಮುಠಾ ನದಿಯ ಸೇತುವೆಯ ಮೇಲೆ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದೆನೋ, ಹೂ ಮಾರುವವಳು ಏನು ಕಳೆದುಕೊಂಡಿರಿ ಎಂದು ಮರಾಠಿಯಲ್ಲಿ ಕೇಳಿದಳು. ಕೊನೆಗೆ ಸುಭದ್ರೆಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಕುರ್ಚಿ ಮ್ಯಾಲ ನೀವು ಹೆಂಗೂ ಸುಮ್ಮ ಕೂಡಾವ್ರಲ್ಲ," ಎಂದಳು. "ಅವ ಬಿದ್ದು ಎದ್ದು ಓಡಿದ್ನಲ್ರಿ, ಪಾಪ. ಹೋಗಿ ಕೊಟ್ಟು ಬರ್ರಿ."

ಸಂಗಪ್ಪನವರು ಪತ್ರವನ್ನು ನಿಧಾನವಾಗಿ ಓದಿದರು. ತಾರೀಖಿನ ಹತ್ತಿರ ಬೆರಳು ನಿಂತಿತು. ಕನ್ನಡಕ ತೆಗೆದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಇದನ್ನ ರವಿವಾರದ ತಾರೀಖ ಅಂತ ತಿದ್ದಿ ತರ್ರಿ. ನಾ ನೋಡೇ ಇಲ್ಲ ಅಂತ ಸಹಿ ಹಾಕ್ತೀನಿ."

"ತಾರೀಖ ಬದಲಾದ್ರ ಅವರಿಗೆ ಆ ಆಟನ ಸಿಗೂದಿಲ್ರಿ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಹಂಗಾರ ಆ ಭಂಡಾರ?"

"ನಮ್ಮ ಅಡಿಗಿಮನಿ ಅರಿಶಿಣ ರೀ."

ಅವರು ಕನ್ನಡಕವನ್ನು ಮತ್ತೆ ಏರಿಸಿದರು. ಆಮೇಲೆ, "ನಮ್ಮವ್ವ ಅದನ್ನ ದಿನಾ ಮೊಣಕಾಲಿಗೆ ಹಚ್ಚಿಗೋತಾಳ. ನೋವು ಭಾಳ ಕಡಿಮಿ ಆಗೇದಂತ," ಎಂದು, ಆಕೆಗೆ ಮಾತ್ರ ಈ ಸುದ್ದಿ ಮುಟ್ಟಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಪತ್ರಕ್ಕೆ ಸಹಿ ಹಾಕಿದರು. ನಂತರ ನನ್ನ ನೌಕರಿಯ ಪುಸ್ತಕ ತರಿಸಿ, ಕೆಂಪು ಶಾಯಿಯ ದೌತಿ ಹತ್ತಿರ ಎಳೆದುಕೊಂಡು, ಸುಳ್ಳು ಕಾರಣ ಕೊಟ್ಟು ರಜೆ ಪಡೆದದ್ದು ಎಂದು ಬರೆದು, ಕೆಳಗೆ ನನ್ನ ಸಹಿ ತೆಗೆದುಕೊಂಡರು. ಅವರ ಕುರ್ಚಿಗೆ ಬೇರೆಯವರು ಬಂದರು. ನನಗೆ ದುಃಖವಾಗಲಿಲ್ಲವೆಂದರೆ ನೀವು ನಂಬಬೇಡಿ, ಆದದ್ದು ನಿಜ.

ಅದಕ್ಕಿಂತ ಹೆಚ್ಚು ಕಾಡಿದ್ದು ಮೌನ. ಪತ್ರ ಮುಟ್ಟಿತೋ, ಹಡಗು ಮುಳುಗಿತೋ, ಆ ಮನುಷ್ಯ ಪೂರ್ವದ ಕಾಡಿನಲ್ಲಿ ಬದುಕಿದ್ದಾನೋ ಇಲ್ಲವೋ. ಯುದ್ಧ ಮುಗಿಯಿತು, ಬಿಡಾರ ಖಾಲಿಯಾಯಿತು, ಟಪಾಲಿನವನು ಬಂದಾಗಲೆಲ್ಲ ನಾನು ನಾವಿದ್ದ ವಾಡೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬರಿಗೈಯಲ್ಲಿ ಹತ್ತಿ ಬರುತ್ತಿದ್ದೆ. ಕಳೆದ ವರ್ಷ ಬಂತು ಅವನ ಪತ್ರ, ಪೆನ್ಸಿಲಿನಲ್ಲಿ ಬರೆದದ್ದು, ನಾಲ್ಕು ಸಾಲು. ಹಾಳೆಗಳನ್ನೆಲ್ಲ ಮ್ಯಾನೇಜರ್ ಪಕ್ಕಕ್ಕೆ ಸರಿಸಿದನಂತೆ. ಅವನು ಓಡಿ ಮುಟ್ಟಿದ್ದನ್ನು ವಿವರಿಸಿದ್ದ ನನ್ನ ಪತ್ರವನ್ನು ಮಾತ್ರ ಎರಡು ಸಲ ಓದಿ, ಈ ವಯಸ್ಸಿನಲ್ಲೂ ಅಷ್ಟು ದೂರದ ಚೆಂಡನ್ನು ಮುಟ್ಟುವವನು ನನಗೆ ಬೇಕು ಎಂದು ಒಂದು ವರ್ಷಕ್ಕೆ ಕರೆದುಕೊಂಡನಂತೆ. ಆ ತಪ್ಪನ್ನು ಹೊಡೆದುಹಾಕುತ್ತೇನೆಂದು ಮ್ಯಾನೇಜರ್ ಪೆನ್ನು ತೆಗೆದಾಗ ಹಾಲ್ಡೆನ್ ಕೈ ಅಡ್ಡ ಇಟ್ಟನಂತೆ. ಚೆಂಡು ನನ್ನ ಕೈಗೆ ಬಂದಿತ್ತು, ಕೈಗೆ ಬಂದದ್ದನ್ನು ಹಿಡಿಯಬೇಕಾದವನು ನಾನು, ಆ ಒಂದು ನನ್ನದೇ, ಇರಲಿ ಎಂದು ಬರೆದಿದ್ದ.

ಹೀಗೆ ಒಂದೇ ಚೆಂಡಿಗೆ ಎರಡು ತಪ್ಪುಗಳು ದಾಖಲಾಗಿ ಉಳಿದಿವೆ, ಸಮುದ್ರದಾಚೆ ಅವನ ಹೆಸರಿನಲ್ಲೊಂದು, ಪುಣೆಯಲ್ಲಿ ನನ್ನ ಹೆಸರಿನಲ್ಲೊಂದು. ಅಳಿಸಿಕೊಡುತ್ತೇವೆ ಎನ್ನುವವರು ಇಬ್ಬರಿಗೂ ಸಿಕ್ಕಿದ್ದರು, ಇಬ್ಬರೂ ಬೇಡವೆಂದೆವು.